ವಾಲ್ವ್ ತಿರುಗಿಸಿದ ಕೈ

ಇಲ್ಲಿ ಸೇರಿರುವ ಹಿರಿಯರಿಗೆ, ನಮ್ಮ ಜಲವಿದ್ಯುತ್ ಘಟಕದ ಎಲ್ಲ ಕೆಲಸಗಾರರಿಗೆ ನಮಸ್ಕಾರ. ಅತ್ತಿಗೆ, ಮಗಳೇ — ನಿಮಗೆ ಏನು ಹೇಳಲಿ? ಸಮಾಧಾನ ಮಾಡಿಕೊಳ್ಳಿ ಎನ್ನಲು ಬಾಯಿ ಬರುತ್ತಿಲ್ಲ. ನನಗೇ ಸಮಾಧಾನವಿಲ್ಲ.

ನಮ್ಮನ್ನು ಬಿಟ್ಟುಹೋದ ಫಿಟ್ಟರನ್ನು ಗುಡುಗಣ್ಣ ಎಂದೇ ಕರೆಯುತ್ತಿದ್ದೆವು. ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ, ಮನೆಯಲ್ಲೂ ಕೂಗಿಯೇ ಮಾತು. "ಉಪ್ಪು ಬೇಕು ಅಂತ ಊರಿಗೆಲ್ಲ ಯಾಕ್ರೀ ಸಾರ್ತೀರಾ?" ಎಂದು ಬೈಯುತ್ತಿದ್ದಿರಿ. ಹೌದಲ್ಲವೇ, ಅತ್ತಿಗೆ?

ಶಾಲೆಯ ಮಕ್ಕಳು ಘಟಕ ನೋಡಲು ಬಂದರೆ ವಿವರಿಸುವವನು ಅವನೇ — ಹೀಗೆ, ಕೈ ಬೀಸಿ ಬೀಸಿ. "ಮೇಲೆ ತೊಟ್ಟಿ. ಅಲ್ಲಿಂದ ಕೊಳವೇಲಿ ನೀರು ಧುಮುಕ್ತದೆ, ಬಂದು ಚಕ್ರಕ್ಕೆ ಹೊಡೀತದೆ. ಚಕ್ರದ ಜತೆಗೇ ಜನರೇಟರ್ ತಿರುಗ್ತದೆ — ಕರೆಂಟು! ದುಡಿದ ನೀರು ವಾಪಸ್ ಹೊಳೆಗೆ. ಒಂದು ಲೋಟಾನೂ ನಾವು ಕದಿಯಲ್ಲ!"

ಆ ದಿನ ಚಕ್ರಕ್ಕೆ ಮರದ ತುಂಡು ಸಿಕ್ಕಿಕೊಂಡಿತು. ಯಂತ್ರ ನಿಲ್ಲಿಸಿದೆವು. ಗುಡುಗಣ್ಣ ನೀರಿನ ವಾಲ್ವ್ ಮುಚ್ಚಿದ, ಬೀಗ ಹಾಕಿದ, ಕೀಲಿ ಜೇಬಿಗಿಟ್ಟುಕೊಂಡು, ತುಂಡು ತೆಗೆಯಲು ಚಕ್ರದ ಗೂಡಿನೊಳಗೆ ತೆವಳಿದ. ಎಲ್ಲವನ್ನೂ ಕ್ರಮವಾಗಿ ಮಾಡಿದ — ಇದನ್ನು ನೆನಪಿಡಿ.

ಮ್ಯಾನೇಜರ್ ಸಾಹೇಬರು ಫೋನು ಹಿಡಿದೇ ಬಂದರು.

"ಮೇಲಿನವರು ಪ್ರಾಣ ತಿಂತಿದಾರೆ. ಚಾಲೂ ಮಾಡಿ."

"ಗುಡುಗಣ್ಣ ಒಳಗಿದಾನೆ ಸಾರ್," ಎಂದೆ.

"ಇಷ್ಟೊತ್ತಿಗೆ ಹೊರಗೆ ಬಂದಿರ್ತಾನೆ, ಬಿಡ್ರೀ."

ಬಂದಿರ್ತಾನೆ! ನಾಲ್ಕು ಹೆಜ್ಜೆ ನಡೆದು, ಬಗ್ಗಿ ನೋಡಲು ಇವರಿಗೆ ಸೊಂಟ ನೋವಿತ್ತೇ? ತಮ್ಮ ಕೋಣೆಯ ಡ್ರಾಯರಿನಿಂದ ಇನ್ನೊಂದು ಕೀಲಿ ತಂದರು. ಅಡ್ಡ ನಿಂತೆ, ನನ್ನನ್ನು ತಳ್ಳಿದರು. ಬೀಗ ತೆಗೆದು ತಾವೇ ವಾಲ್ವ್ ತಿರುಗಿಸಿದರು. ಪಕ್ಕದ ಯಂತ್ರ ಓಡುತ್ತಿತ್ತು, ನನ್ನ ಕೂಗು ಗುಡುಗಣ್ಣನಿಗೆ ಮುಟ್ಟಲಿಲ್ಲ. ಅವರನ್ನು ಎಳೆದುಹಾಕಿ ನಾನು ಮತ್ತೆ ಮುಚ್ಚುವಷ್ಟರಲ್ಲಿ — ಬೇಡ. ಮಗಳು ಕೂತಿದ್ದಾಳೆ.

ಈಗ ಕಂಪನಿ ಏನನ್ನುತ್ತಿದೆ? ಅವನದೇ ಅಜಾಗರೂಕತೆಯಂತೆ! ಅಜಾಗರೂಕತೆ! ಸತ್ತವನು ಎದ್ದು ಬಂದು ಮಾತಾಡುವುದಿಲ್ಲ ಎಂಬ ಧೈರ್ಯ. ಆದರೆ ನಾನು ಸತ್ತಿಲ್ಲ. ಕಂಡದ್ದನ್ನು ಪೊಲೀಸರಿಗೆ ಹೇಳಿದ್ದೇನೆ, ಕೋರ್ಟಿನಲ್ಲೂ ಹೇಳುತ್ತೇನೆ. "ಸುಮ್ನಿರು, ಕೆಲಸ ಹೋಗ್ತದೆ" ಎಂದವರೇ, ಹೋಗಲಿ! ಒಳಗಿಳಿಯುವವನ ಬೀಗಕ್ಕೆ ಹೊರಗೆ ಇನ್ನೊಂದು ಕೀಲಿ ಇರುವವರೆಗೆ, ಆ ಚಕ್ರ ನಮ್ಮ ಕೈಯಿಂದ ತಿರುಗುವುದಿಲ್ಲ.

ಇನ್ನು ಎಲ್ಲರೂ ಎದ್ದು ನಿಲ್ಲೋಣ, ಮಾತಿಲ್ಲದೆ ಅವನನ್ನು ನೆನೆಯೋಣ. ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದೀರಲ್ಲ, ಸಾಹೇಬರೇ — ಅದನ್ನು ಕೆಳಗಿಡಿ. ನೀವೂ ಏಳಿ. ನೆಲ ನೋಡಬೇಡಿ. ಅತ್ತಿಗೆಯ ಮುಖ ನೋಡುತ್ತ ನಿಲ್ಲಿ.