ಸಡಿಲಿಸದ ತಂತಿಗಳು

ಹಿಲೋ ಊರಿನ, ನಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಯಲ್ಲಿ ನಾನು ದುಪ್ಪಟಿ ಮಡಚುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಪಲಾನಿ ಅಂಕಲ್ ತಮ್ಮ ತಂಗಿಯ ಮಗಳು ಲೇಮೋಮಿಗೆ ಗಿಟಾರ್ ಕಲಿಸುತ್ತಿದ್ದರು.

“ಮೇಜರ್ ಸೆವೆಂತ್ ಸ್ವರ ಮೀಟಿ, ಮುಂದಿನ ಸ್ವರಕ್ಕೆ ಓಡ್ಬೇಡ. ಹೊಸ್ತಿಲಲ್ಲಿ ನಿಂತಿರೋ ನೆಂಟ್ರ ಥರ ಅದು. ಸ್ವಲ್ಪ ನಿಂತ್ಕೊಳ್ಲಿ.”

ಅವಳು ಮೀಟಿದಳು. ನನ್ನ ಕೈ ತಾನಾಗಿ ನಿಂತಿತು.

“ಪರವಾಗಿಲ್ಲ,” ಎಂದರು ಅಂಕಲ್.

“ಬರೀ ಪರವಾಗಿಲ್ವಾ? ಆ ಆಂಟಿ ಮಡಚೋದನ್ನೇ ಬಿಟ್ರು ನೋಡಿ.”

ಅಂಕಲ್ ಗಿಟಾರಿಗೆ ಕೈಚಾಚಿದರು. “ಕೊಡು ಇಲ್ಲಿ, ತಂತಿ ಸಡಿಲ ಮಾಡ್ತೀನಿ. ಯಾರಾದ್ರೂ ಮೀಟಿ ನೋಡಿ ನಮ್ಮನೆ ಗುಟ್ಟಿನ ಶ್ರುತಿ ಕದ್ದಾರು.”

“ದಿನಾ ಇದೇ ಆಯ್ತು. ನಾನೂ ಕದ್ದವಳೇನಾ?”

“ನಮ್ಮಪ್ಪ ಅಣ್ಣಂಗೂ ನಂಗೂ ಮಾತ್ರ ಕೊಟ್ಟ ಶ್ರುತಿ ಇದು. ಅಣ್ಣನ್ನ ಕೇಳದೆ ನಿಂಗೆ ಕಲಿಸ್ಬಿಟ್ಟೆ.”

“ಕೇಳೋಕೆ ಅಂತ ಈಸ್ಟರ್‌ನಲ್ಲೇ ಕಾಗದ ಬರ್ದ್ರಲ್ಲ. ಇನ್ನೂ ನಿಮ್ಮ ಜೇಬಲ್ಲೇ ಇದೆ.”

“ಬೇಡ ಅಂದ್ಬಿಟ್ರೆ?”

“ಮೊಲೊಕಾಯಿ ದ್ವೀಪಕ್ಕೆ, ನಿಮ್ಮಣ್ಣನ ಮನೆಗೇ ಹೋಗಿ ಅವರ ಮುಂದೇನೇ ನುಡಿಸ್ತೀನಿ. ಆಮೇಲೆ ಬೇಡ ಅನ್ಲಿ ನೋಡೋಣ.”

ಅಂಕಲ್ ನಕ್ಕರು.

“ಜೇಬಲ್ಲಿರೋ ನಿಮ್ಮ ನೆಂಟ್ರನ್ನ ಇನ್ನೆಷ್ಟು ದಿನ ಹೊಸ್ತಿಲಲ್ಲಿ ನಿಲ್ಲಿಸ್ತೀರಿ, ಅಂಕಲ್?” ಲೇಮೋಮಿ ಕೇಳಿದಳು.

ಅವರು ತಂತಿಗಳನ್ನು ಮುಟ್ಟಲಿಲ್ಲ. ಶ್ರುತಿ ಇದ್ದ ಹಾಗೆಯೇ ಗಿಟಾರನ್ನು ಅವಳ ಹೆಗಲಿಗೆ ಹಾಕಿದರು. ಇಬ್ಬರೂ ಬಟ್ಟೆಬುಟ್ಟಿ ಹಿಡಿದು ಹೊರಟರು. ಮೂಲೆಯ ನೀಲಿ ಅಂಚೆಪೆಟ್ಟಿಗೆಯ ಬಳಿ ಅಂಕಲ್ ನಿಂತು ಜೇಬಿನಿಂದ ಕಾಗದ ತೆಗೆದು ಒಳಗೆ ಹಾಕಿದ್ದನ್ನು ನಾನು ಗಾಜಿನಾಚೆ ಕಂಡೆ.