ತೊಂಬತ್ತನಾಲ್ಕನೇ ಹೆಜ್ಜೆ

ಗುಂಡ್ಲುಪೇಟೆ ತಾಲ್ಲೂಕಿನ ಸಮಸ್ತ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎರಡು ಸಾವಿರದ ಒಂಬತ್ತನೇ ಇಸವಿಯ ಮಳೆಗಾಲದ ಒಂದು ಭಾನುವಾರ ಸಂಜೆ ಏಳು ಗಂಟೆಗೆ ಸರಿಯಾಗಿ, ಹೆಬ್ಬೆರಳಿಗಿಂತ ದಪ್ಪವಿಲ್ಲದ ಎಲ್‌ಇಡಿ ಟಾರ್ಚುಗಳ ಪೈಕಿ ಯಾವುದರ ಬೆಳಕು ಹೆಚ್ಚು ದೂರ ಹೋಗುತ್ತದೆಂಬ ಜಾಗತಿಕ ಮಹತ್ವದ ಪ್ರಶ್ನೆಯನ್ನು ಬಯಲಿನಲ್ಲಿ ಬಹಿರಂಗವಾಗಿ ಇತ್ಯರ್ಥಪಡಿಸಲು ತೀರ್ಮಾನಿಸಲಾಗಿತ್ತು. ತೀರ್ಮಾನಿಸಿದ ಸಮಿತಿಗೆ ಅಧ್ಯಕ್ಷನೂ ನಾನೇ, ಕಾರ್ಯದರ್ಶಿಯೂ ನಾನೇ, ಕೋರಂ ಕೂಡ ನಾನೇ. ಪ್ರಭಾವಿಗಳಿಗೆ ಬರವಿಲ್ಲದ ನಮ್ಮ ಪೇಟೆಯಲ್ಲಿ ಪ್ರಭೆಗಷ್ಟೇ ಬರ. ಕರೆಂಟು ಕೈಕೊಟ್ಟಾಗಲೆಲ್ಲ ಟಾರ್ಚೇ ನಮ್ಮ ಕೈಹಿಡಿಯುತ್ತಿತ್ತು.

ಪಂದ್ಯಕ್ಕೆ ಒಂದು ಬಯಲು ಬೇಕಿತ್ತು. ತೆರಕಣಾಂಬಿಯ ದೊಡ್ಡಬೀರಯ್ಯನವರ ಹೊಲದಲ್ಲಿ ಒಂದು ಮರವೂ ಅಡ್ಡವಿಲ್ಲ, ಚಾಪೆ ಹಾಸಿದ ಹಾಗಿದೆ ಎಂದು ಯಾರೋ ಹೇಳಿದ್ದರು. ಆ ಶುಕ್ರವಾರ ಅವರೇ ಸಿಕ್ಕಿಬಿಟ್ಟರು. ಈರುಳ್ಳಿ ಮೂಟೆಗಳನ್ನು ಮಂಡಿಗೆ ಹಾಕಿ ಊರಿನ ಬಸ್ಸಿಗೆಂದು ಹೊರಟವರು, ಮಳೆಗೆ ಸಿಕ್ಕಿ ಹಿದಾಯತ್ ಉಲ್ಲಾ ಸಾಹೇಬರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ರೇಡಿಯೋ, ಗಡಿಯಾರ, ಟಾರ್ಚು ರಿಪೇರಿಯ ಅಂಗಡಿ ಅದು. ಹೊರಗೆ ಕೇರಳದ ಲಾರಿಗಳು ನೀರು ಸೀಳಿಕೊಂಡು ಹೋಗುತ್ತಿದ್ದವು. ಕರೆಂಟು ವಾಡಿಕೆಯಂತೆ ಹೋಗಿತ್ತು. ನಾವು ಐದಾರು ಜನ ಬಾಗಿಲಲ್ಲಿ ಒತ್ತರಿಸಿಕೊಂಡು ನಿಂತು, ಒಂದೊಂದೇ ಟಾರ್ಚಿನ ಬೆಳಕನ್ನು ಮಳೆಯೊಳಕ್ಕೆ ಬಿಟ್ಟು ನೋಡುತ್ತಿದ್ದೆವು. ನಾನು ಅಧ್ಯಕ್ಷನ ಗತ್ತಿನಲ್ಲಿ ಪಂದ್ಯದ ವಿಚಾರ ಹೇಳಿ, ಹೊಲ ಕೇಳಿದೆ.

ಎಪ್ಪತ್ತು ದಾಟಿದ ದೊಡ್ಡಬೀರಯ್ಯನವರು ನಮ್ಮ ಕೈಯಲ್ಲಿದ್ದುದನ್ನೆಲ್ಲ ಆರಿಸುವಂತೆ ಸನ್ನೆ ಮಾಡಿದರು. ಸಾಹೇಬರು ಮೇಣದಬತ್ತಿ ಹಚ್ಚಿಟ್ಟು, ಬಗ್ಗಿ ಯಾವುದೋ ಸ್ಕ್ರೂ ಹುಡುಕತೊಡಗಿದರು. ಆಮೇಲೆ ಅವರು ತಲೆ ಎತ್ತಲೇ ಇಲ್ಲ.

"ಒಲ ಕೊಡದೇನು ದೊಡ್ದಲ್ಲ ಸ್ವಾಮಿ… ಒಸಿ ಕೂತ್ಕಳಿ, ಯೋಳ್ತಿನಿ. ಐದು ವರ್ಸದ ಇಂದೆ ಇದೇ ಪಂದ್ಯವ ಅದೇ ಒಲ್ದಲ್ಲಿ ನಾನೇ ಕಟ್ಟಿದ್ದೆ ಕಣಿ. ಆಗ ನಮ್ ಕಡೆ ಕಾಡಂದಿ ಕಾಟ… ಕಳ್ಳೇಕಾಯಿ ಒಲುಕ್ಕೆ ನುಗ್ಗುದ್ರೆ ಬೆಳಗಾಗದ್ರೊಳ್ಗೆ ಉತ್ತಂಗ್ ಮಾಡ್ಬುಟ್ಟು ಓಗವು. ನಾವು ಇಪ್ಪತ್ ಮನೆಯೋರು ಸರದಿ ಮೇಲೆ ಅಟ್ಟಣೆ ಅತ್ತಿ ಕಾಯೋರು, ಕೈಲಿ ಮೂರ್ ಸೆಲ್ಲಿನ ಇತ್ತಾಳೆ ಬ್ಯಾಟ್ರಿ. ಅಷ್ಟೊತ್ಗೆ ನಮ್ ಸಾಯ್ಬ್ರು ಕ್ಯಾಲಿಕಟ್‌ನಿಂದ ಮೂರು ಎಲ್ಲೀಡಿ ಬ್ಯಾಟ್ರಿ ತಂದ್ರು… ಬೆರಳ್ ಗಾತ್ರ ಅವೆ, ಗುಂಡಿ ಅದುಮುದ್ರೆ ಹಾಲ್ ಚೆಲ್ದಂಗೆ ಬೆಳಕು. ಮೂರ್ರಲ್ಲಿ ಯಾವ್ದು ದೂರ ಓಯ್ತದೋ ಅದ್ನೇ ಇಪ್ಪತ್ ಮನೆಗೂ ತಕ್ಕಳದು ಅಂತ ಆಯ್ತು. ನನ್ ಒಲ್ದಲ್ಲೇ ಅಳೀಬೇಕು ಅಂತ ನಾನು ಪಟ್ಟು ಇಡ್ದೆ. ಯಾಕೆ ಅಂತೀರಾ? ಯಜಮಾನ ಅನ್ನಿಸ್ಕಳ ಚಟ… ಇನ್ನೇನು?

"ನಾವು ಅಳ್ಯದು ಎಂಗೆ ಗೊತ್ತಾ? ಬ್ಯಾಟ್ರಿ ಇಡ್ದೋನ್ ಮಾತ ಯಾರೂ ನಂಬಕಿಲ್ಲ, ಅವ್ನಿಗೆ ಅವ್ನ್ ಬ್ಯಾಟ್ರೀನೇ ದೊಡ್ದು. ಅದ್ಕೇ ಒಬ್ಬ ಬಿಳೀ ಟವಲ್ಲ ಎದೆ ಮುಂದೆ ಅಗಲ ಇಡ್ಕಂಡು, ಬೆಳಕಿಗೆ ಮೊಕ ಮಾಡಿ, ಜೋರಾಗಿ ಎಣಿಸ್ತಾ ಇಂದಿಂದಕ್ಕೆ ನಡೀಬೇಕು. ತಿರುಗಿ ನಡುದ್ರೆ ಅವ್ನ್ ನೆಳ್ಳೇ ಟವಲ್ ಮ್ಯಾಲೆ ಬೀಳ್ತದಲ್ಲ… ಅದ್ಕೆ. ಟವಲ್ಲಿಂದ ಬೆಳಕು ಬುಟ್ಟೋದ ಜಾಗದಲ್ಲಿ ನಿಂತ್ಕಂಡು, ವಾಪಸ್ ಬಂದು, ಬ್ಯಾಟ್ರಿ ಇಡ್ದೋನ್ ಎದುರ್ಗೆ ನಿಂತು, ಎಷ್ಟು ಅಂತ ಬಾಯಲ್ಲಿ ಯೋಳ್ಬೇಕು. ಅಂವ ಬಂದು ಯೋಳೋಗಂಟ ಬ್ಯಾಟ್ರಿಯೋನು ಆ ಜಾಗ ಬುಟ್ಟು ಓಗಂಗಿಲ್ಲ, ಇನ್ನೊಂದ್ ಪಂದ್ಯ ಸುರು ಮಾಡಂಗೂ ಇಲ್ಲ. ಇದು ನಾನೇ ಮಾಡಿದ್ ಕಾನೂನು.

"ಟವಲ್ ಇಡ್ದೋನು ಪುಟ್ಟಮಾದು, ನಮ್ಮಕ್ಕನ ಮಗ. ಐದ್ ವರ್ಸದ ಕೂಸಾಗಿದ್ದಾಗಿಂದ ನಾನೇ ಸಾಕಿದ್ದು. ಮದ್ವೆಯಾಗಿ ಮೂರ್ ತಿಂಗ್ಳಾಗಿತ್ತು. ಗಂಟ್ಲು ಅಂದ್ರೆ ತಮಟೆ… ಮೊದಲ್ನೇ ಬ್ಯಾಟ್ರಿ ಐವತ್ತೆಂಟಕ್ಕೆ ಬುಡ್ತು. ಎರಡ್ನೇದು ಎಂಬತ್ತೆರಡು. ಎರಡು ಸಲವೂ ಬಂದು ನನ್ನೆದುರ್ಗೆ ನಿಂತು ಯೋಳ್ದ, ನಗಾಡ್ತಾ ತಿರ್ಗ ಓದ.

"ಈಗ ನಾನು ಯೋಳದ ಒಸಿ ಕಿವಿ ಕೊಟ್ಟು ಕೇಳಿ. ಆ ವಾರ ಯಾವ್ದೋ ಕ್ವಾರಿಯೋರು ಬಂದು, ಕರಿಕಲ್ಲು ಅದಾ ನೋಡ್ತಿವಿ ಅಂತ ನನ್ ಒಲ್ದ ಆಚೆ ಕಡೆ ಒಂದ್ ಗುಂಡಿ ತೋಡಿದ್ರು. ಎರಡಾಳುದ್ದ. ಮಳೆ ಬಂದು ನೀರು ನಿಂತಿತ್ತು. ಊರಲ್ಲಿ ಇನ್ನೂ ಯಾರೂ ಅದ ನೋಡಿರ್ನಿಲ್ಲ. ನಾನು ನೋಡಿದ್ದೆ. ಯೋಳುದ್ರೆ ಪಂದ್ಯ ಬ್ಯಾರೆಯೋರ್ ಒಲುಕ್ಕೆ ಓಯ್ತಿತ್ತು… ಈ ಬೆರಳ್ ಗಾತ್ರದ್ದು ಅಲ್ಲಿಗಂಟ ಎಲ್ ಮುಟ್ಟದು ಅಂತ ಸುಮ್ಕಿದ್ದೆ.

"ಮೂರ್ನೇದ ನನ್ ಕೈಲೇ ಇಡ್ಕಂಡೆ. ಅಂವ ಎಣಿಸ್ತಾ ಓದ… ಎಂಬತ್ತು, ತೊಂಬತ್ತು… ಬೆಳಕು ಬುಡ್ನಿಲ್ಲ. ನಿಲ್ಲು ಅನ್ಬೇಕು ಅಂತ ಬಾಯಿ ತೆಗುದ್ರೆ ಸುತ್ಲೂ ಜನ, ಯಾಕೆ ಅಂತ ಕೇಳ್ತಾರೆ… ತೊಂಬತ್ಮೂರು, ತೊಂಬತ್ನಾಕು… ಒಂದ್ ಉಸ್ರು ಎಳ್ಕಳೋವಷ್ಟು ಹೊತ್ತು ಸದ್ದಿಲ್ಲ. ಆಮೇಲೆ ತೊಂಬತ್ತೈದು ಅಂತು. ಟವಲ್ಲು ಅಲ್ಲೇ ಬೆಳ್ಳಗೆ ಕಾಣ್ತಿತ್ತು. ಸದ್ಯ, ಗುಂಡಿ ಪಕ್ಕದಲ್ಲಿ ದಾಟ್ಬುಟ್ಟ ಅಂತ ನಂಗೆ ಜೀವ ಬಂತು. ನೂರೈವತ್ತು… ಇನ್ನೂರು… ಇನ್ನೂರೈವತ್ತು… ಜನ ಸಿಳ್ಳೆ ಆಕ್ತಾವ್ರೆ. ಅಷ್ಟುದ್ದ ಓದೋನ್ ದನಿ ಸಣ್ಣಾಗ್ಬೇಕಾಗಿತ್ತಲ್ವಾ? ಆಗ್ನಿಲ್ಲ. ಟವಲ್ಲೂ ಚಿಕ್ಕದಾಗ್ಬೇಕಾಗಿತ್ತಲ್ವಾ? ಆಗ್ನಿಲ್ಲ. ಅದ ಒಬ್ರಾದ್ರೂ ಕೇಳ್ಬೇಕಾ ಬ್ಯಾಡ್ವಾ? ಗೆಲ್ಲೋವಾಗ ಯಾರು ಕೇಳಾರು…

"ಮುನ್ನೂರಕ್ಕೆ ನನ್ ಕೈಲಿದ್ದ ಬ್ಯಾಟ್ರಿ ತಟಕ್ನೆ ಆರೋಯ್ತು. ಕತ್ಲು. ಆ ಕತ್ಲಲ್ಲಿ ಮುನ್ನೂರೊಂದು ಅಂತು, ಮುನ್ನೂರೆರಡು ಅಂತು… ಬೆಳಕೇ ಇಲ್ದ ಮೇಲೆ ಯಾವ ಬೆಳಕ ಎಣಿಸ್ತಾವ್ನೆ? ಸಾಕು ಬಾರ್ಲಾ ಅಂತ ಎಲ್ರೂ ಕೂಗುದ್ರು. ನಿಲ್ಲುಸ್ನಿಲ್ಲ. ಇತ್ತಾಳೆ ಬ್ಯಾಟ್ರಿ ತಕ್ಕಂಡು ಓಡುದ್ವಿ. ಜೊತ್ಗಿದ್ದೋನೊಬ್ಬ ಎಜ್ಜೆ ಎಣಿಸ್ಕಂಡೇ ಬಂದ. ತೊಂಬತ್ನಾಕಕ್ಕೆ ನೆಲ ಇರ್ನಿಲ್ಲ. ಪುಟ್ಟಮಾದು ಗುಂಡಿ ನೀರಲ್ಲಿ ಕೌಚಿ ತೇಲ್ತಿದ್ದ.

"ಎತ್ತಿ ಮಲುಗಿಸ್ದಾಗ ನೋಡ್ದೆ. ಅಷ್ಟು ಉಗುರೂ ಕಿತ್ತೋಗಿತ್ತು ಸ್ವಾಮಿ, ಮೊಳಕೈಗಂಟ ಮಣ್ಣು. ಬಿದ್ ತಕ್ಷಣ ಸತ್ತೋನಲ್ಲ ಅಂವ… ಗೋಡೆ ಕೆರೀತಾ ಕೂಗವ್ನೆ. ಮಾವ ಅಂತ್ಲೇ ಕೂಗಿರ್ತಾನೆ, ಇನ್ಯಾರ್ನ ಕೂಗಾನು? ನಮ್ ಕಿವಿಗೆ ಬಿದ್ದದ್ದು ಮಾತ್ರ ಎಣಿಕೆ. ಎಣನ ಮುಂದೆ ಇಟ್ಕಂಡು ನಾವು ಕೂತಿದ್ರೆ, ಅತ್ತ ಒಲ್ದ ಆಚೆ ಅದೇ ದನಿ ನಾನೂರು ದಾಟಿತ್ತು.

"ಅವತ್ತಿಂದ ದಿನಾ ಕತ್ಲಾಯ್ತಲೇ ಅಷ್ಟಷ್ಟು ಎಜ್ಜೆ ಎಣಿಸ್ಕಂಡು ದೂರ ದೂರ ಓಯ್ತಿದ್ದ. ಅಟ್ಟಣೆ ಮ್ಯಾಲೆ ಕೂತಿದ್ರೆ ನಂಗೊಬ್ನಿಗೇ ಕೇಳದು. ಓಗ್ಲಿ, ದೂರ ಓಗ್ಲಿ ಅನ್ಕಂಡೆ. ಹನ್ನೊಂದ್ನೇ ದಿನ ಅವ್ನ್ ಎಡ್ತಿ ನಾಗಮಣಿ ಬಂದು ನನ್ ಮುಂದೆ ಕೂತ್ಲು. ಅಳ್ನಿಲ್ಲ. 'ಅಲ್ಲಿ ಗುಂಡಿ ಇರದು ನಿಮ್ಗೆ ಗೊತ್ತಿತ್ತಾ ಮಾವ?' ಅಂದ್ಲು.

"ಇಲ್ಲ ಕಣವ್ವ ಅಂದ್ಬುಟ್ಟೆ.

"ಆ ರಾತ್ರಿ ಸಾವಿರದ ಎಂಟ್ನೂರ್ ಚಿಲ್ರೆಗೆ ಎಣಿಕೆ ನಿಂತೋಯ್ತು. ಮಾರ್ನೇ ದಿನ ಕತ್ಲಾಯ್ತಲೇ ಒಂದೇ ಒಂದು ಎಣಿಕೆ ಕೇಳುಸ್ತು… ಇಂದ್ಲು ದಿನುದ್ಕಿಂತ ಒಂದು ಕಮ್ಮಿ. ಅದ್ರ ಮಾರ್ನೇ ದಿನ ಇನ್ನೊಂದು ಕಮ್ಮಿ. ಬುಡುವಿಲ್ದಂಗೆ, ದಿನಕ್ಕೊಂದೇ ಎಜ್ಜೆ ನನ್ ಕಡೀಕೆ, ಐದು ವರ್ಸದಿಂದ…"

ಹಿದಾಯತ್ ಸಾಹೇಬರ ಬೆರಳುಗಳು ಮೇಜಿನ ಮೇಲೆ ನಿಂತಿದ್ದವು. ಹಾಗಾದರೆ ಯಾವುದಾದರೂ ದೂರದ ಊರಿಗೆ ಹೋಗಿ ಇದ್ದುಬಿಡಬಾರದೇ ಎಂದು ನಾನು ಕೇಳಿದೆ. ಕಾನೂನು ಮಾಡಿದ್ದೇ ತಾನಲ್ಲವೇ, ಬ್ಯಾಟರಿ ಹಿಡಿದವನು ಜಾಗ ಬಿಡುವಂತಿಲ್ಲವಲ್ಲ, ಕತ್ತಲಾಗುವಷ್ಟರಲ್ಲಿ ಅಲ್ಲಿಗೆ ಮರಳಲೇಬೇಕು ಎಂದರು ಮುದುಕರು. ನಾಗಮಣಿಗೆ ನಿಜ ಹೇಳಿಬಿಡಬಹುದಿತ್ತಲ್ಲ ಎಂದೆ. ತೆರಕಣಾಂಬಿ ಕಡೆಯ ಬಸ್ಸು ಹಾರ್ನ್ ಮಾಡುತ್ತಾ ಬಂದು ಎದುರಿಗೆ ನಿಂತಿತು. ಅವರು ಎದ್ದು ಚೀಲ ಹೆಗಲಿಗೇರಿಸಿದರು. ಅಧ್ಯಕ್ಷತೆಯ ಗೀಳು ನೋಡಿ, ಆಗಲೂ ನನ್ನ ಬಾಯಿಂದ ಹೊರಟದ್ದು, ಭಾನುವಾರದ ಪಂದ್ಯ ಏನಾಗಬೇಕು ಎಂಬ ಮಾತು.

"ಅಳೇ ಪಂದ್ಯ ಮುಗೀದೆ ಒಸದ ಸುರು ಮಾಡಂಗಿಲ್ಲ ಸ್ವಾಮಿ," ಎಂದರು ದೊಡ್ಡಬೀರಯ್ಯ, ಮೆಟ್ಟಿಲಿಳಿಯುತ್ತಾ. "ನೆನ್ನೆ ಮೂರು ಅಂದ… ಇವತ್ತಿಗೆ ಎರಡು, ನಾಳಿಕ್ಕೆ ಒಂದು. ಭಾನ್ವಾರ ನನ್ ಒಲ ಕೇಳ್ಬ್ಯಾಡಿ."