ನಡುಗಡ್ಡೆಯಿಂದ ಮೂರು ಕೂಗು

ಇದು ನನ್ನ ಚಿಕ್ಕಪ್ಪನ ಮಗ ಅಮೃತೇಶನಿಗೆ ಆದದ್ದು. ಜೊತೆಗೆ ನಾನೂ ಇದ್ದೆ. ಕಟ್ಟುಕತೆ ಅನ್ನಬೇಡಿ.

ತಲಕಾಡಿನ ಕಡೇ ಬಸ್ ಇಳಿದು ಹೊಳೆ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದೆವು. ಆಲದ ಮರ ಬಂತು. ಬಿಳಲುಗಳು ಒಂದಕ್ಕೊಂದು ಉಜ್ಜಿ ಕಿರ್... ಕಿರ್... ಅಂದವು. ಆಗ ನಡುಗಡ್ಡೆ ಕಡೆಯಿಂದ ಕೂಗು ಬಂತು.

"ಓ... ಓಯ್..."

ಅಮೃತೇಶ ನನ್ನ ತೋಳು ಹಿಡಿದ. "ಅಣ್ಣ, ಕೇಳುಸ್ತಾ?"

"ಸುಮ್ಕೆ ನಡಿಲಾ. ದೆವ್ವ ಆದ್ರೆ ಒಂದೇ ಸಲ ಕೂಗೋದು."

ಎರಡನೇ ಸಲ ಕೂಗಿತು... ಮೂರನೇ ಸಲವೂ ಕೂಗಿತು.

"ದೊಡ್ಡವ್ವನ ದನಿ ಕಣಣ್ಣ," ಅಂದ ಪಿಸುಮಾತಲ್ಲಿ.

ದೊಡ್ಡವ್ವ ಅಂದರೆ ನಮ್ಮ ಪಕ್ಕದ ಮನೆಯ ಪುಟ್ಟಮಾದಮ್ಮ. ಅವಳನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಹೇಗೆ ಸತ್ತಳು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಳೆದಂಡೆಯಲ್ಲೊಂದು ರೆಸಾರ್ಟು ಬಂದಿದೆ. ಅವರ ಹಾಯಿದೋಣಿ ನಡೆಸುವುದು ಅಮೃತೇಶನ ಕೆಲಸ. ಪಟ್ಟಣದವರನ್ನು ಕೂರಿಸಿಕೊಂಡು ನಡುಗಡ್ಡೆ ಸುತ್ತಿಸಿ ಹೊಳೆಮತ್ತಿ ಮರ, ನೀರುನಾಯಿ, ಮಿಂಚುಳ್ಳಿ ತೋರಿಸಬೇಕು. ಊರಿನವರನ್ನು ಹತ್ತಿಸಿಕೊಂಡರೆ ಕೆಲಸ ಹೋಯಿತು. ಹೊಳೆ ನಮ್ಮದು, ರೂಲು ಅವರದು. ಆವತ್ತು ಆಳು ಸಾಲದೆ ನನ್ನನ್ನೂ ಹಾಯಿಯ ಹಗ್ಗ ಹಿಡಿಯಲು ಕರೆದಿದ್ದ. ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ನಡುಗಡ್ಡೆಗೆ ದಾಟಿ ಹುಲ್ಲು ಕೊಯ್ಯಲು ಹೋಗಿದ್ದ ಪುಟ್ಟಮಾದಮ್ಮ, ಸಂಜೆ ಹೊಳೆ ಏರಿದ್ದು ಕಂಡು ಪೊದೆಯ ಹಿಂದಿನಿಂದ ನಮ್ಮನ್ನು ಕೂಗಿದಳು. ಮೂರು ಸಲ.

"ಅದ್ಯಾವ ಹಕ್ಕಿ?" ಕ್ಯಾಮೆರಾದವರೊಬ್ಬರು ಕೇಳಿದರು.

ಅಮೃತೇಶ ನನ್ನ ಮುಖ ನೋಡಿದ. ನಾನು ಹಗ್ಗ ನೋಡಿದೆ.

"ನೀರುಕೋಳಿ ಸಾ," ಅಂದ.

ಅವರು ಬರೆದುಕೊಂಡರು.

ಧರಣಿಯಲ್ಲಿ ಮೈಕ್ ಕಿತ್ತುಕೊಂಡು ಮಾತಾಡುವವನು ನಾನು. ಸಾಹೇಬರ ಮೇಜು ಗುದ್ದಿದವನು. ಆ ದೋಣಿಯಲ್ಲಿ ಬಾಯಿ ಬಿಡಲಿಲ್ಲ. ಇವರನ್ನು ಇಳಿಸಿ ವಾಪಸು ಬರೋಣ ಅಂದುಕೊಂಡೆವು. ಬರುವಷ್ಟರಲ್ಲಿ ಅವಳೇ ನೀರಿಗಿಳಿದಿದ್ದಳು. ಥೂ, ನಮ್ಮ ಜನ್ಮಕ್ಕೆ.

ಕೂಗು ಕೇಳಿದ ಆ ರಾತ್ರಿ ಆಲದ ಕೆಳಗೆ ಅಮೃತೇಶ ಚಪ್ಪಲಿ ಬಿಟ್ಟ. "ಓಗಿ ಕರ್ಕಬರಮ ಅಣ್ಣ."

"ವಾಚ್‌ಮನ್ ನೋಡಿದ್ರೆ ನಿನ್ ಕೆಲ್ಸ..."

"ಓಗ್ಲಿ ಬುಡು."

ದೋಣಿ ಬಿಚ್ಚಿದೆವು. ಗಾಳಿ ನಿಂತಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಹಾಯಿ ಪಟ್... ಪಟ್... ಅಂತ ಬಡಿದು ಉಬ್ಬಿತು. ನಡುಗಡ್ಡೆ ಮುಟ್ಟಿದೆವು. ಯಾರೂ ಇಲ್ಲ. ಅಮೃತೇಶ ಕತ್ತಲಿಗೆ ಕೈ ಮುಗಿದ.

"ಬಾ ದೊಡ್ಡವ್ವ... ಕೂತ್ಕೊ. ತಪ್ಪಾಯ್ತು."

ಹಲಗೆ ಕಿರಕ್ ಅಂತು. ದೋಣಿಯ ಎಡಮಗ್ಗುಲು ಒಂದು ಗೇಣು ತಗ್ಗಿತು. ನಾವಿಬ್ಬರೂ ಬಲಗಡೆ ಇದ್ದೆವು.

ದೋಣಿಯನ್ನು ದಂಡೆಗೆ ತಂದೆವು. "ಊರು ಬಂತು ದೊಡ್ಡವ್ವ, ಇಳಿ," ಅಂದೆ. ಕಾದೆವು... ದೋಣಿಯ ಎಡಮಗ್ಗುಲು ಮೇಲೇಳಲಿಲ್ಲ.

ವಾಚ್‌ಮನ್ ನೋಡಿದ್ದ. ಬೆಳಿಗ್ಗೆ ಅಮೃತೇಶನ ಕೆಲಸ ಹೋಯಿತು. ರೆಸಾರ್ಟಿನವರು ದೋಣಿಯನ್ನು ಮೇಲಕ್ಕೆಳೆದು ತಳ ತಟ್ಟಿ ನೋಡಿದರು. ತೂತಿಲ್ಲ, ನೀರು ಹೊಕ್ಕಿಲ್ಲ. ಮತ್ತೆ ಹೊಳೆಗೆ ಬಿಟ್ಟರು.

ಸುಳ್ಳು ಹೇಳುವುದಾಗಿದ್ದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡು ಹೇಳುತ್ತಿದ್ದೆ. ಬೇಕಾದರೆ ಹೋಗಿ ನೋಡಿ. ಅದೇ ದಂಡೆಯಲ್ಲಿ ಕಟ್ಟಿದ್ದಾರೆ, ಖಾಲಿ ದೋಣಿ... ಎಡಕ್ಕೆ ವಾಲಿಕೊಂಡೇ ನಿಂತಿದೆ.